ನಾಟಿಂಗ್‌ಹ್ಯಾಮ್‌ಶೈರಿನ ಹೊಲಕ್ಕೆ ಆಸ್ಟ್ರೇಲಿಯಾದ ಹೆಸರೇಕೆ? ಇಂಗ್ಲೆಂಡಿನ ಹೊಲದ ಹೆಸರುಗಳ ಬಗ್ಗೆ ತಿಳಿದವರು ಹೇಳಿ

ಟ್ರೆಂಟ್‌ತೀರ

ನಾನಿರುವುದು ನಾಟಿಂಗ್‌ಹ್ಯಾಮ್‌ಶೈರಿನ ಒಂದು ಹಳ್ಳಿಯಲ್ಲಿ. ಇಲ್ಲಿ ಹೊಲಗಳ ಮಧ್ಯೆ ಹಾದುಹೋಗುವ ಸಾರ್ವಜನಿಕ ಕಾಲುದಾರಿಗಳಿವೆ, ಯಾರು ಬೇಕಾದರೂ ನಡೆಯಬಹುದು. ಹಾಗೆ ಓಡಾಡುವಾಗ ಪರಿಚಯವಾದ ರೈತರೊಬ್ಬರು ತಮ್ಮ ಪ್ರತಿಯೊಂದು ಹೊಲವನ್ನೂ ಹೆಸರಿನಿಂದಲೇ ಕರೆಯುತ್ತಾರೆ. ಬಾಟನಿ ಬೇ, ಹಂಗರ್ ಹಿಲ್, ಬಟ್ಸ್ ಕ್ಲೋಸ್, ಲಾಂಗ್ ವಾಂಗ್, ಶೋಲ್ಡರ್ ಆಫ್ ಮಟನ್. ಕೊನೆಯದು ನನಗೇ ಹೊಳೆಯಿತು: ಉಪಗ್ರಹ ಚಿತ್ರದಲ್ಲಿ ನೋಡಿದರೆ ಆ ಹೊಲ ಕುರಿಯ ಮುಂದೊಡೆಯ ಆಕಾರದಲ್ಲಿಯೇ ಇದೆ. ಉಳಿದವುಗಳ ಬಗ್ಗೆ ಕೇಳಿದರೆ ಅವರು ಭುಜ ಕುಣಿಸಿ "ನಮ್ಮ ತಾತನೂ ಹಾಗೇ ಕರೆಯುತ್ತಿದ್ದರು" ಎನ್ನುತ್ತಾರೆ.

ಬಟ್ಸ್ ಎಂದರೆ ಹಿಂದಿನ ಕಾಲದಲ್ಲಿ ಬಿಲ್ಲುವಿದ್ಯೆ ಅಭ್ಯಾಸ ಮಾಡುತ್ತಿದ್ದ ಜಾಗ ಎಂದು ಊರಿನ ಫಲಕವೊಂದರಲ್ಲಿ ಬರೆದಿದೆ. ವಾಂಗ್ ಎಂಬ ಚೀನೀಯರು ಯಾವಾಗ ಇಲ್ಲಿ ಹೊಲ ಕೊಂಡಿದ್ದರೋ ಗೊತ್ತಿಲ್ಲ! ಎಲ್ಲಕ್ಕಿಂತ ಕಾಡುವುದು ಬಾಟನಿ ಬೇ. ಸಮುದ್ರವೇ ಕಾಣದ ಈ ಊರಿನಲ್ಲಿ ಆಸ್ಟ್ರೇಲಿಯಾದ ಕೊಲ್ಲಿಯೊಂದರ ಹೆಸರೇಕೆ?

ಹಳೆನಕ್ಷೆ

ಒಳ್ಳೆಯ ಪ್ರಶ್ನೆ. ಮೊದಲು ನೀವೇ ಒಂದು ವಿಷಯ ಪರೀಕ್ಷಿಸಿ: ಆ ಹೊಲ ಊರಿನಿಂದ ಎಷ್ಟು ದೂರ ಇದೆ? ಬಹುಪಾಲು ಊರಿನ ಗಡಿಯ ಕಟ್ಟಕಡೆಯ ಮೂಲೆಯಲ್ಲಿರುತ್ತದೆ. ಬೆಳಗ್ಗೆ ಎದ್ದು ಅಷ್ಟು ದೂರ ನಡೆದುಹೋಗಿ ದುಡಿಯಬೇಕಾದ ಕೂಲಿಯಾಳುಗಳ ವ್ಯಂಗ್ಯ ಅದು. ಬ್ರಿಟನ್ ತನ್ನ ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದ ಮೊದಲ ಹಡಗುಗಳ ಗುಂಪು 1788ರ ಜನವರಿಯಲ್ಲಿ ಬಾಟನಿ ಬೇ ತಲುಪಿತು. ತಮಾಷೆಯೆಂದರೆ ಆ ಜಾಗ ಸರಿಯಿಲ್ಲವೆಂದು ಕೆಲವೇ ದಿನಗಳಲ್ಲಿ ಅವರು ಪಕ್ಕದ ಪೋರ್ಟ್ ಜ್ಯಾಕ್ಸನ್‌ಗೆ ಹೊರಟುಹೋದರು. ಆದರೂ ಇಂಗ್ಲೆಂಡಿನ ಜನರ ಬಾಯಲ್ಲಿ ಗಡೀಪಾರು ಎಂದರೆ ಬಾಟನಿ ಬೇ ಎಂದೇ ಉಳಿಯಿತು. ಇದೇ ಬಗೆಯಲ್ಲಿ ನೋವಾ ಸ್ಕೋಷಿಯ, ವಾನ್ ಡೀಮನ್ಸ್ ಲ್ಯಾಂಡ್ (ಈಗಿನ ಟ್ಯಾಸ್ಮೇನಿಯ), ಸೈಬೀರಿಯ, ಜಿಬ್ರಾಲ್ಟರ್, ವರ್ಲ್ಡ್ಸ್ ಎಂಡ್ ಎಂಬ ಹೊಲಗಳು ದೇಶದ ತುಂಬ ಇವೆ.

ಇದರಿಂದ ಕಾಲವೂ ತಿಳಿಯುತ್ತದೆ. ಜೇಮ್ಸ್ ಕುಕ್ ಆ ಕೊಲ್ಲಿಗೆ ಹೋದದ್ದೇ 1770ರಲ್ಲಿ. ಹಾಗಾಗಿ ನಿಮ್ಮ ಹೊಲದ ಹೆಸರು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆದರೆ ಸಾವಿರ ವರ್ಷದಿಂದ ಉಳುಮೆ ನಡೆದಿರುವ ನೆಲಕ್ಕೆ ಇಷ್ಟು ತಡವಾಗಿ ಹೆಸರು ಬಂದದ್ದೇಕೆ? ಆ ಕಾಲದಲ್ಲಿಯೇ ಅದು ಬೇಲಿ ಹಾಕಿದ ಪ್ರತ್ಯೇಕ ಹೊಲವಾಗಿ ಹುಟ್ಟಿತು, ಅದಕ್ಕೆ. ಅದಕ್ಕೂ ಹಿಂದೆ ಮಿಡ್‌ಲ್ಯಾಂಡ್ಸ್ ಪ್ರದೇಶದ ಊರುಗಳಲ್ಲಿ ಎರಡೋ ಮೂರೋ ಬೃಹತ್ತಾದ ಬಯಲು ಹೊಲಗಳಿರುತ್ತಿದ್ದವು. ಒಳಗೆ ಬೇಲಿಯಿಲ್ಲ. ಒಬ್ಬೊಬ್ಬ ರೈತನಿಗೆ ಅಲ್ಲೊಂದು ಇಲ್ಲೊಂದು ಉದ್ದನೆಯ ಪಟ್ಟಿ. ಸಂಸತ್ತಿನ ಕಾಯ್ದೆಗಳ ಮೂಲಕ ಆ ಬಯಲುಗಳನ್ನು ಒಡೆದು, ಒಟ್ಟುಗೂಡಿಸಿ, ಮುಳ್ಳುಗಿಡದ ಬೇಲಿ ನೆಟ್ಟು ಹಂಚಿದರು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯ್ದೆಗಳು ಬಂದು ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ನೆಲ, ಬೇಲಿಯೊಳಗೆ ಸೇರಿತು. 1750ರ ನಂತರ ಅದರ ಭರಾಟೆ ಹೆಚ್ಚು. ಹೊಸ ಹೊಲ ಹುಟ್ಟಿದಾಗ ಹೊಸ ಹೆಸರು ಬೇಕಾಯಿತು. ಪತ್ರಿಕೆಯಲ್ಲಿ ಓದಿದ್ದು, ಹೆಂಡದಂಗಡಿಯಲ್ಲಿ ಕೇಳಿದ್ದು ಹೊಲದ ಮೇಲೆ ಬಂದು ಕುಳಿತಿತು. ವಾಟರ್‌ಲೂ, ಕ್ವಿಬೆಕ್, ಬಂಕರ್ಸ್ ಹಿಲ್ ಎಂಬ ಯುದ್ಧಗಳ ಹೆಸರಿನ ಹೊಲಗಳಿಗೂ ಇದೇ ವಿವರಣೆ.

ವಾಂಗ್ ಚೀನಾದ್ದಲ್ಲ, ಸ್ಕ್ಯಾಂಡಿನೇವಿಯಾದ್ದು. ಹಳೆಯ ನಾರ್ಸ್ ಭಾಷೆಯ ವಾಂಗರ್, ಅಂದರೆ ಹೊಲ ಅಥವಾ ಬೇಲಿ ಹಾಕಿದ ನೆಲ. ಒಂಬತ್ತನೆಯ ಶತಮಾನದಲ್ಲಿ ಡೇನರು ನೆಲೆಸಿದ ನಿಮ್ಮ ಭಾಗದಲ್ಲಿ, ಲಿಂಕನ್‌ಶೈರ್, ಲೆಸ್ಟರ್‌ಶೈರ್‌ಗಳಲ್ಲಿ ಇದು ಸಾಮಾನ್ಯ. ಯಾರ್ಕ್‌ಶೈರಿಗೆ ಹೋದರೆ ಹುಲ್ಲುಗಾವಲಿಗೆ ಇಂಗ್, ಮನೆಯ ಹತ್ತಿರದ ಹಿತ್ತಲಿಗೆ ಗಾರ್ತ್, ಜೌಗಿಗೆ ಕಾರ್ ಎನ್ನುತ್ತಾರೆ. ಇವೆಲ್ಲವೂ ನಾರ್ಸ್ ಮೂಲದವು. ಆದರೆ ಲಾಂಗ್ ವಾಂಗ್ ಎಂದು ಕರೆದವನು ವೈಕಿಂಗ್ ಎಂದು ತೀರ್ಮಾನಿಸಬೇಡಿ. ಆ ಪದ ಅಲ್ಲಿನ ಆಡುಮಾತಿನಲ್ಲಿ ಅನೇಕ ಶತಮಾನ ಬಳಕೆಯಲ್ಲಿತ್ತು. 16ನೆಯ ಶತಮಾನದ ರೈತನೂ ಹಾಗೆ ಹೆಸರಿಟ್ಟಿರಬಹುದು.

ಬಟ್ಸ್ ಬಗ್ಗೆ ಆ ಫಲಕವನ್ನು ನಾನು ನಂಬುವುದಿಲ್ಲ. ಬಯಲು ಹೊಲದಲ್ಲಿ ಪಟ್ಟಿಗಳನ್ನು ಹಾಸುತ್ತ ಹೋದಾಗ ಅಂಚಿನಲ್ಲಿ ಜಾಗ ಕಿರಿದಾಗುತ್ತದೆ. ಅಲ್ಲಿ ಬೀಳುವ ಗಿಡ್ಡ ಪಟ್ಟಿಗಳಿಗೆ ಬಟ್ಸ್ ಎಂದೇ ಹೆಸರು. ಮೂರು ಮೂಲೆಯಾಗಿ ಉಳಿದ ತುಂಡಿಗೆ ಗೋರ್. ಬಿಲ್ಲುಗಾರರ ಬಟ್ಸ್ ಕೂಡ ಇದ್ದವು. 1363ರಲ್ಲಿ ಮೂರನೆಯ ಎಡ್ವರ್ಡ್ ಹಬ್ಬದ ದಿನಗಳಲ್ಲಿ ಗಂಡಸರು ಬಿಲ್ಲುವಿದ್ಯೆ ಅಭ್ಯಾಸ ಮಾಡಬೇಕೆಂದು ಆಜ್ಞೆ ಹೊರಡಿಸಿದ್ದ. ಆದರೆ ಅವು ಸಾಮಾನ್ಯವಾಗಿ ಊರ ಮಧ್ಯೆ, ಚರ್ಚಿನ ಆಸುಪಾಸಿನಲ್ಲಿ ಇರುತ್ತಿದ್ದವು. ನಿಮ್ಮ ಹೊಲ ಊರಾಚೆ ಉಳುಮೆಯ ನೆಲದ ನಡುವೆ ಇದ್ದರೆ ಅದು ಗಿಡ್ಡ ಪಟ್ಟಿಯೇ. ಬಿಲ್ಲುಬಾಣದ ಕಥೆ ಕೇಳಲು ಚೆನ್ನಾಗಿದೆ, ಅದಕ್ಕೇ ಫಲಕಗಳಲ್ಲಿ ಅದೇ ಇರುತ್ತದೆ.

ನಿವೃತ್ತ ಮೋಜಣಿದಾರ

ಹಳೆನಕ್ಷೆ ಅವರೇ, ಪಟ್ಟಿಗಳ ಬಗ್ಗೆ ಹೇಳಿದಿರಿ, ಅಳತೆಯನ್ನೂ ಹೇಳಿಬಿಡಿ. ಇಲ್ಲದಿದ್ದರೆ ನಾನೇ ಹೇಳುತ್ತೇನೆ, ಜೀವಮಾನವಿಡೀ ಸರಪಳಿ ಎಳೆದವನು.

ಎಕರೆ ಎಂಬುದು ಮೂಲದಲ್ಲಿ ಬರೀ ಉಳುವ ಹೊಲ. ಆಮೇಲೆ ಅದು ಎತ್ತಿನ ನೇಗಿಲು ಒಂದು ದಿನದಲ್ಲಿ ಉಳಬಹುದಾದ ನೆಲವಾಯಿತು, ಕೊನೆಗೆ ಕಾನೂನಿನ ಅಳತೆಯಾಯಿತು: ಉದ್ದ 220 ಗಜ, ಅಗಲ 22 ಗಜ, ಒಟ್ಟು 4,840 ಚದರ ಗಜ. ಆ 220 ಗಜವೇ ಫರ್ಲಾಂಗು, ಅಂದರೆ ನೇಗಿಲಸಾಲಿನ ಉದ್ದ. 22 ಗಜವೇ ಸರಪಳಿ. ಕ್ರಿಕೆಟ್ ಪಿಚ್ಚಿನ ಉದ್ದವೂ ಅದೇ 22 ಗಜ ಎಂಬುದನ್ನು ಹುಡುಗರಿಗೆ ಹೇಳಿದರೆ ಕಣ್ಣರಳಿಸುತ್ತಾರೆ.

ನಮ್ಮ ಪಹಣಿಯಲ್ಲಿ ಇವತ್ತಿಗೂ ಎಕರೆ, ಗುಂಟೆ ಇರುವುದು ಬ್ರಿಟಿಷರ ಸರ್ವೆಯಿಂದ. ಅಲ್ಲಿ ಎಕರೆಯನ್ನು ನಾಲ್ಕು ರೂಡ್ ಮಾಡಿ, ಒಂದು ರೂಡನ್ನು 40 ಪರ್ಚ್ ಮಾಡುತ್ತಾರೆ. ನಮ್ಮಲ್ಲಿ ಎಕರೆಗೆ 40 ಗುಂಟೆ, ಗುಂಟೆಗೆ 121 ಚದರ ಗಜ. ಲೆಕ್ಕ ಹಾಕಿ ನೋಡಿ: ಒಂದು ಗುಂಟೆ ಅಂದರೆ ಸರಿಯಾಗಿ ನಾಲ್ಕು ಪರ್ಚ್, ಹತ್ತು ಗುಂಟೆ ಅಂದರೆ ಒಂದು ರೂಡ್. ಹಾಗಾಗಿ ಹಳೆಯ ಇಂಗ್ಲಿಷ್ ದಾಖಲೆಯಲ್ಲಿ "3 ಎಕರೆ 2 ರೂಡ್ 20 ಪರ್ಚ್" ಎಂದಿದ್ದರೆ ನಮ್ಮವರು ಹೆದರಬೇಕಾಗಿಲ್ಲ, ಅದು 3 ಎಕರೆ 25 ಗುಂಟೆ.

ನನ್ನ ಪ್ರಶ್ನೆ: ಅವರಿಗೂ ಸರ್ವೆ ನಂಬರ್ ಇರಲಿಲ್ಲವೇ? ನಂಬರ್ ಇದ್ದ ಮೇಲೆ ಹೆಸರನ್ನು ಬರೆದಿಟ್ಟವರು ಯಾರು?

ಹಳೆನಕ್ಷೆ

ಮೋಜಣಿದಾರರಿಗೆ ನಮಸ್ಕಾರ. ಗುಂಟೆ ಲೆಕ್ಕ ಬಹಳ ಉಪಯೋಗವಾಯಿತು.

ಹೆಸರುಗಳನ್ನು ಉಳಿಸಿದ್ದು ಒಂದು ತೆರಿಗೆ ಜಗಳ. ಬೆಳೆಯ ಹತ್ತನೆಯ ಒಂದು ಪಾಲು ಚರ್ಚಿಗೆ ಸಲ್ಲಬೇಕೆಂಬ ಪದ್ಧತಿ ಶತಮಾನಗಳಿಂದ ಇತ್ತು. ಹತ್ತು ಸಿವುಡಿಗೆ ಒಂದು ಸಿವುಡು, ಹತ್ತು ಕುರಿಮರಿಗೆ ಒಂದು ಮರಿ. ರೈತರಿಗೆ ಇದು ಕಿರಿಕಿರಿ, ಚರ್ಚಿನ ಮತಕ್ಕೆ ಸೇರದವರಿಗೆ ಇನ್ನೂ ಕಿರಿಕಿರಿ. 1836ರ ಕಾಯ್ದೆ ಅದನ್ನು ಹಣದ ರೂಪಕ್ಕೆ ಬದಲಾಯಿಸಿತು. ಯಾವ ಹೊಲ ಎಷ್ಟು ಕೊಡಬೇಕು ಎಂದು ಗೊತ್ತಾಗಬೇಕಲ್ಲ? ಊರೂರಿಗೆ ನಕ್ಷೆ ಬರೆದರು, ಪ್ರತಿ ಹೊಲಕ್ಕೂ ಸಂಖ್ಯೆ ಕೊಟ್ಟರು, ಜೊತೆಗೊಂದು ಪಟ್ಟಿ ಮಾಡಿದರು. ಒಡೆಯ ಯಾರು, ಗೇಣಿದಾರ ಯಾರು, ಹೊಲದ ಹೆಸರೇನು, ಉಳುಮೆಯೋ ಹುಲ್ಲೋ, ವಿಸ್ತೀರ್ಣ ಎಷ್ಟು, ತೆರಬೇಕಾದ ಹಣ ಎಷ್ಟು. ಸಂಖ್ಯೆ ಮತ್ತು ಹೆಸರು ಎರಡೂ ಒಂದೇ ಸಾಲಿನಲ್ಲಿ. ಹೆಚ್ಚಿನವು 1850ರ ದಶಕದ ಆರಂಭದ ಹೊತ್ತಿಗೆ ಮುಗಿದವು. ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು ಮುಕ್ಕಾಲು ಭಾಗಕ್ಕೆ ಇಂಥ ನಕ್ಷೆಗಳಿವೆ. ಮೂರು ಪ್ರತಿ ಮಾಡುತ್ತಿದ್ದರು: ಒಂದು ಈ ಕೆಲಸ ನಡೆಸಿದ ಸರ್ಕಾರಿ ಆಯೋಗಕ್ಕೆ, ಒಂದು ಬಿಷಪ್ಪರಿಗೆ, ಒಂದು ಊರಿಗೆ. ಆಯೋಗದ ಪ್ರತಿಗಳು ಈಗ ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಒಂದು ಎಚ್ಚರಿಕೆ. ಪಟ್ಟಿ ಬರೆದ ಗುಮಾಸ್ತ ಹೊರಗಿನವನಾಗಿರುತ್ತಿದ್ದ. ರೈತ ತನ್ನ ಆಡುಮಾತಿನಲ್ಲಿ ಹೇಳಿದ್ದನ್ನು ಕಿವಿಗೆ ಬಿದ್ದಂತೆ ಬರೆದ, ಅಥವಾ ತನಗೆ ಗೊತ್ತಿದ್ದ ಪದಕ್ಕೆ ತಿರುಗಿಸಿದ. ಅದಕ್ಕೇ 1840ರ ರೂಪ ನೋಡಿ ಅರ್ಥ ಹೇಳುವುದು ಅಪಾಯ. ಕ್ಯಾಟ್ಸ್‌ಬ್ರೇನ್ ಎಂಬ ಹೊಲಗಳು ದಕ್ಷಿಣ ಇಂಗ್ಲೆಂಡಿನಲ್ಲಿ ಎಷ್ಟೋ ಇವೆ. ಬೆಕ್ಕಿನ ಕಥೆ ಕಟ್ಟಲು ಹೋಗಬೇಡಿ, ಕಲ್ಲು ಬೆರೆತ ಒರಟು ಜೇಡಿಮಣ್ಣಿಗೆ ಹಿಂದಿನಿಂದಲೂ ಇದ್ದ ಹೆಸರು ಅದು. ಮಣ್ಣಿನ ಹೆಸರು ಎಂದು ತಿಳಿದವರು ನೇಗಿಲು ಹೂಡುವ ಮೊದಲು ಯೋಚಿಸುತ್ತಿದ್ದರು.

ಟ್ರೆಂಟ್‌ತೀರ

ನಮ್ಮ ಊರಿಗೆ ಹುಡುಕಿದೆ, ಅಂಥ ನಕ್ಷೆಯೇ ಇಲ್ಲ! ಪಕ್ಕದ ಊರಿಗೆ ಇದೆ, ನಮ್ಮದಕ್ಕಿಲ್ಲ. ಮುಕ್ಕಾಲು ಭಾಗದ ಆಚೆಯ ಕಾಲು ಭಾಗದಲ್ಲಿ ನಾವು ಬಿದ್ದಿದ್ದೇವೆ ಎಂದು ಕಾಣುತ್ತದೆ.

ಹಳೆನಕ್ಷೆ

ಮಿಡ್‌ಲ್ಯಾಂಡ್ಸಿನಲ್ಲಿ ಇದು ಮಾಮೂಲು. ಬಯಲು ಹೊಲಗಳಿಗೆ ಬೇಲಿ ಹಾಕಿ ಹಂಚುವಾಗಲೇ ಚರ್ಚಿನ ಹತ್ತನೆಯ ಪಾಲಿಗೆ ಬದಲಾಗಿ ಪಾದ್ರಿಗೆ ಒಂದಷ್ಟು ನೆಲ ಕೊಟ್ಟು ಬಾಧ್ಯತೆ ಮುಗಿಸಿಬಿಡುತ್ತಿದ್ದರು. ಹಾಗಾದ ಊರಿನಲ್ಲಿ 1836ರ ನಂತರ ಅಳೆಯಲು ಏನೂ ಉಳಿದಿರಲಿಲ್ಲ. ನೀವು ನೋಡಬೇಕಾದದ್ದು ಬೇಲಿ ಹಂಚಿಕೆಯ ತೀರ್ಪಿನ ದಾಖಲೆ. ಆದರೆ ಅದರಲ್ಲಿ ಹೆಸರುಗಳು ಕಡಿಮೆ. ಹಳೆಯ ಪಟ್ಟಿಗಳ ಹೆಸರನ್ನು ಅಳಿಸಿಹಾಕುವ ಕೆಲಸವನ್ನೇ ಆ ಕಾಯ್ದೆ ಮಾಡಿದ್ದು, ಹೊಸ ಹೊಲಗಳಿಗೆ ಹೆಸರಿನ್ನೂ ಹುಟ್ಟಿರಲಿಲ್ಲ.

ಅದಕ್ಕಿಂತ ಒಳ್ಳೆಯ ಗಣಿ ಇನ್ನೊಂದಿದೆ. ಚರ್ಚಿನ ಜಮೀನನ್ನು ಯಾರೂ ಒತ್ತುವರಿ ಮಾಡದಂತೆ ಅದರ ವಿವರವನ್ನು ಬರೆದಿಡಬೇಕೆಂದು 1604ರ ಚರ್ಚ್ ನಿಯಮ ಹೇಳಿತು. ಟೆರಿಯರ್ ಎನ್ನುತ್ತಾರೆ ಅದಕ್ಕೆ. ಒಂದೊಂದು ಪಟ್ಟಿಗೂ ಚಕ್ಕುಬಂದಿ ಬರೆದಿರುತ್ತದೆ: ಯಾವ ಫರ್ಲಾಂಗಿನಲ್ಲಿ, ಪೂರ್ವಕ್ಕೆ ಯಾರ ನೆಲ, ಪಶ್ಚಿಮಕ್ಕೆ ಯಾರದು, ಯಾವ ದಾರಿಗೆ ತಾಗಿದೆ. ಇಲ್ಲಿ ಫರ್ಲಾಂಗು ಅಂದರೆ ಉದ್ದದ ಅಳತೆಯಲ್ಲ, ಪಟ್ಟಿಗಳ ಒಂದು ಕಟ್ಟು. ಬೇಲಿಗಳು ಬರುವ ನೂರೈವತ್ತು ವರ್ಷ ಮೊದಲು ಆ ನೆಲವನ್ನು ಜನ ಹೇಗೆ ಕರೆಯುತ್ತಿದ್ದರು ಎಂಬುದು ಅದರಲ್ಲಿ ಸಿಗುತ್ತದೆ. ಅದರಲ್ಲೇನಾದರೂ "ನಾಲ್ಕು ಬಟ್ಸ್" ಎಂದು ಎಣಿಕೆ ಸಮೇತ ಬರೆದಿದ್ದರೆ ಬಿಲ್ಲುಗಾರರ ವಾದ ಅಲ್ಲಿಗೆ ಮುಗಿಯಿತು.

ಅನುಮಾನಪ್ರಿಯ

ಇಡೀ ಚರ್ಚೆ ಓದಿದೆ. ರಂಜನೆಗೆ ಕೊರತೆಯಿಲ್ಲ. ಆದರೆ ಒಂದು ಹೆಸರಿಗೆ ನಾಲ್ಕು ಅರ್ಥ ಹೇಳಬಹುದಾದರೆ ಇದನ್ನು ಇತಿಹಾಸ ಎನ್ನುವುದು ಹೇಗೆ? ಹಂಗರ್ ಹಿಲ್ ಅಂದರೆ ಹಸಿವಿನ ಗುಡ್ಡ, ಹಾಗಾಗಿ ಬಡ ನೆಲ ಎನ್ನುವವರಿದ್ದಾರೆ. ಯಾರೋ ಹಂಗರ್ ಎಂಬ ಅಡ್ಡಹೆಸರಿನವನ ಗುಡ್ಡ ಆಗಿರಬಾರದೇಕೆ? ಸ್ಥಳನಾಮದ ಬಗ್ಗೆ ಬರೆಯುವವರೆಲ್ಲ ತಮಗೆ ಬೇಕಾದ್ದನ್ನು ಅಗೆದು ತೆಗೆಯುತ್ತಾರೆ. ಈ ಹೆಸರುಗಳಿಂದ ಒಂದಾದರೂ ಗಟ್ಟಿ ಸಂಗತಿ ಹೊರಬಂದ ಉದಾಹರಣೆ ಕೊಡಿ.

ಹಳೆನಕ್ಷೆ

ಕೊಡುತ್ತೇನೆ. ಮೊದಲು ಹಂಗರ್ ಹಿಲ್. ನೀವು ಊಹಿಸಿದ್ದಕ್ಕಿಂತ ಗಂಭೀರವಾದ ಇನ್ನೊಂದು ಸಾಧ್ಯತೆ ಇದೆ. ಹಳೆಯ ಇಂಗ್ಲಿಷಿನಲ್ಲಿ ಹಂಗ್ರ ಎಂದರೆ ಕಾಡು ಬೆಳೆದ ಕಡಿದಾದ ಇಳಿಜಾರು. ಅದು ಕಾಲಾಂತರದಲ್ಲಿ ಹಂಗರ್ ಆಗಿ ಹಸಿವಿನ ಜೊತೆ ಬೆರೆತುಹೋಗಬಲ್ಲದು. ಎರಡರಲ್ಲಿ ಯಾವುದು ಎಂದು ಹಳೆಯ ಬರಹರೂಪ ಮತ್ತು ನೆಲ ಎರಡನ್ನೂ ನೋಡಿಯೇ ಹೇಳಬೇಕು. ಈ ಶಿಸ್ತಿಗಾಗಿಯೇ 1923ರಲ್ಲಿ ಇಂಗ್ಲಿಷ್ ಪ್ಲೇಸ್‌ನೇಮ್ ಸೊಸೈಟಿ ಶುರುವಾಯಿತು. ಒಂದೊಂದು ಹೆಸರಿನ ಹಳೆಯ ರೂಪಗಳನ್ನು ಇಸವಿ ಸಮೇತ ಜೋಡಿಸುವುದು, ಆಮೇಲೆ ಬಾಯಿ ತೆರೆಯುವುದು. ಹಸಿವಿನ ಅರ್ಥ ಇದ್ದೇ ಇಲ್ಲ ಎಂದೇನೂ ಅಲ್ಲ. ಸ್ಟಾರ್ವೇಕರ್, ಪಿಂಚ್‌ಗಟ್, ಬ್ರೇಕ್‌ಬ್ಯಾಕ್, ಲೇಬರ್ ಇನ್ ವೇನ್ ಎಂಬ ಹೊಲಗಳ ಮುಂದೆ ಅದಕ್ಕೆ ಬೇರೆ ಸಾಕ್ಷಿ ಬೇಕೇ? ಉಪವಾಸದ ಎಕರೆ, ಹೊಟ್ಟೆ ಹಿಂಡುವ ನೆಲ, ಸೊಂಟ ಮುರಿಯುವ ನೆಲ, ವ್ಯರ್ಥ ದುಡಿಮೆ. ಹೊಗಳುವ ಹೆಸರುಗಳೂ ಇವೆ, ಪ್ಯಾರಡೈಸ್, ಫಿಲ್‌ಬಾರ್ನ್ಸ್ ಎಂದು, ಆದರೆ ಬೈಗುಳದಲ್ಲಿರುವ ಕಲ್ಪನೆ ಅವುಗಳಲ್ಲಿಲ್ಲ. ಒಂದು ಎಕರೆಯೂ ಇಲ್ಲದ ತುಂಡಿಗೆ ಹಂಡ್ರೆಡ್ ಏಕರ್ಸ್ ಎನ್ನುವ ಕುಹಕವೂ ಬೇಕಾದಷ್ಟು ಕಡೆ ಇದೆ.

ಈಗ ಗಟ್ಟಿ ಉದಾಹರಣೆ. 1485ರ ಆಗಸ್ಟ್ 22ರಂದು ಇಂಗ್ಲೆಂಡಿನ ರಾಜ ಮೂರನೆಯ ರಿಚರ್ಡ್ ಸತ್ತ ಯುದ್ಧವನ್ನು ನಾವು ಬಾಸ್‌ವರ್ತ್ ಎನ್ನುತ್ತೇವೆ. ಆದರೆ ಸುದ್ದಿ ತಲುಪಿದ ಕೂಡಲೇ ಯಾರ್ಕ್ ನಗರದವರು ತಮ್ಮ ದಾಖಲೆಯಲ್ಲಿ ಬರೆದದ್ದು ರೆಡ್‌ಮೋರ್ ಎಂದು. ಜೊಂಡು ಬೆಳೆದ ಜೌಗು ಎಂಬುದು ಅದರ ಅರ್ಥ. ಬಹುಕಾಲದಿಂದ ಯುದ್ಧ ನಡೆದದ್ದು ಆಂಬಿಯನ್ ಹಿಲ್ ಎಂಬ ಗುಡ್ಡದ ಮೇಲೆ ಎಂದು ನಂಬಿಕೆ, ಅಲ್ಲೇ ಪ್ರವಾಸಿ ಕೇಂದ್ರವೂ ಆಗಿದೆ. ಗುಡ್ಡದ ಮೇಲೆ ಜೊಂಡು ಬೆಳೆಯುತ್ತದೆಯೇ? ಹಳೆಯ ಕಾಗದಗಳಲ್ಲಿ ಹುಡುಕಿದಾಗ 13ನೆಯ ಶತಮಾನದ ದಾಖಲೆಯೊಂದು ರೆಡ್‌ಮೋರ್ ಇದ್ದದ್ದು ಡ್ಯಾಡ್ಲಿಂಗ್ಟನ್ ಎಂಬ ಊರಿನ ಹೊಲಗಳಲ್ಲಿ ಎಂದು ತಿಳಿಸಿತು. 2005ರಿಂದ ಪುರಾತತ್ವಜ್ಞರು ಮಣ್ಣಿನ ಪದರ, ಹೊಲದ ಹೆಸರು, ಲೋಹಶೋಧಕ ಎಲ್ಲವನ್ನೂ ಬಳಸಿ ಹುಡುಕಿದರು. ಗುಡ್ಡದಿಂದ ಸುಮಾರು 3 ಕಿಲೋಮೀಟರ್ ನೈಋತ್ಯಕ್ಕೆ, ತಗ್ಗಿನಲ್ಲಿ, ಫಿರಂಗಿ ಮತ್ತು ಕೈಬಂದೂಕಿನ ಸೀಸದ ಗುಂಡುಗಳು 30ಕ್ಕೂ ಹೆಚ್ಚು ಸಿಕ್ಕವು. ರಿಚರ್ಡನ ಲಾಂಛನವಾದ ಕಾಡುಹಂದಿಯ ಪುಟ್ಟ ಬೆಳ್ಳಿ ಬಿಲ್ಲೆ ಸಿಕ್ಕಿದ್ದು ಫೆನ್ ಹೋಲ್ ಎಂಬ ಜಾಗದ ಬಳಿ. ಫೆನ್ ಎಂದರೆ ಜೌಗು. ಇವತ್ತು ಅಲ್ಲಿ ನೋಡಿದರೆ ಒಣ ಹೊಲ. ನೀರು ಬತ್ತಿಸಿ ಎಷ್ಟೋ ಕಾಲವಾಗಿದೆ, ಹೆಸರು ಮಾತ್ರ ಒದ್ದೆಯಾಗಿಯೇ ಇದೆ.

ಇನ್ನೊಂದು ಸಣ್ಣ ಉದಾಹರಣೆ: ಗ್ಲಾಸ್ಟರ್‌ಶೈರಿನ ಕಿಂಗ್ಸ್‌ಕೋಟಿನಲ್ಲಿ ದಿ ಚೆಸಲ್ಸ್ ಎಂಬ ಹೊಲಗಳಿವೆ. ಈ ಪದ ಕಲ್ಲಿನ ರಾಶಿಗೆ ಇದ್ದ ಹಳೆಯ ಪದದಿಂದ ಬಂದದ್ದು. ಅಗೆದಾಗ ರೋಮನ್ ಕಾಲದ ದೊಡ್ಡ ವಸತಿಯೇ ಸಿಕ್ಕಿತು. ನೇಗಿಲಿಗೆ ಕಲ್ಲು ತಾಗಿ ತಾಗಿ ಬೇಸತ್ತವನು ಇಟ್ಟ ಹೆಸರು. ಬ್ಲ್ಯಾಕ್‌ಲ್ಯಾಂಡ್ಸ್ ಎಂಬ ಹೊಲ ಕಂಡರೂ ಪುರಾತತ್ವಜ್ಞರ ಕಿವಿ ನೆಟ್ಟಗಾಗುತ್ತದೆ. ಜನ ಬಹುಕಾಲ ಬದುಕಿ, ಬೂದಿ ಕಸ ಬಿದ್ದ ನೆಲದ ಮಣ್ಣು ಕಪ್ಪಾಗಿರುತ್ತದೆ.

ಅನುಮಾನಪ್ರಿಯ

ಬಾಸ್‌ವರ್ತ್ ಒಪ್ಪಿದೆ. ಆದರೆ ಗಮನಿಸಿ, ಅಲ್ಲಿಯೂ ನಿರ್ಣಾಯಕವಾದದ್ದು ಸೀಸದ ಗುಂಡು, ಹೆಸರಲ್ಲ. ಹೆಸರು ಎಲ್ಲಿ ಅಗೆಯಬೇಕೆಂದು ಹೇಳಿತು, ಅಷ್ಟೇ.

ಹಳೆನಕ್ಷೆ

ಅಷ್ಟು ಹೇಳಿದರೆ ಸಾಲದೇ ಸ್ವಾಮಿ? ಇನ್ನೊಂದು ನಿಮ್ಮ ಪರವಾಗಿಯೇ ಹೇಳುತ್ತೇನೆ. ಅದೇ ಯುದ್ಧಭೂಮಿಯ ಹತ್ತಿರ, ಸ್ಟೋಕ್ ಗೋಲ್ಡಿಂಗ್ ಊರಿನಲ್ಲಿ, ಯುದ್ಧ ಗೆದ್ದ ಹೆನ್ರಿ ಟ್ಯೂಡರನಿಗೆ ಕಿರೀಟ ತೊಡಿಸಿದರೆಂಬ ಕ್ರೌನ್ ಹಿಲ್ ಇದೆ. ಯುದ್ಧಕ್ಕೆ ಮೊದಲು ಅದಕ್ಕೆ ಬೇರೆ ಹೆಸರಿತ್ತು. ಕ್ರೌನ್ ಹಿಲ್ ಎಂದು ಕಾಗದದಲ್ಲಿ ಕಾಣುವುದು 17ನೆಯ ಶತಮಾನದಲ್ಲಿ. ಊರಿನವರ ನೆನಪು ನಿಜವಿರಬಹುದು, ಆಮೇಲೆ ಕಟ್ಟಿದ ಕಥೆಯೂ ಇರಬಹುದು. ಅಲ್ಲಿ ನಾನು ಪಣ ಕಟ್ಟುವುದಿಲ್ಲ.

ಹುಲ್ಲುಹಾಸು

ಉಳುವ ಹೊಲದ ಬಗ್ಗೆಯೇ ಎಲ್ಲರೂ ಮಾತನಾಡುತ್ತಿದ್ದೀರಿ. ಇಂಗ್ಲೆಂಡಿನ ಹಳೆಯ ಬೇಸಾಯದಲ್ಲಿ ಬಹಳ ಬೆಲೆಬಾಳುತ್ತಿದ್ದದ್ದು ನದಿದಂಡೆಯ ಹುಲ್ಲುಗಾವಲು. ಚಳಿಗಾಲದಲ್ಲಿ ದನಗಳು ಬದುಕಬೇಕಾದರೆ ಒಣಹುಲ್ಲು ಬೇಕು, ಅದಿಲ್ಲದಿದ್ದರೆ ವಸಂತದಲ್ಲಿ ನೇಗಿಲು ಎಳೆಯಲು ಎತ್ತುಗಳೇ ಇರುವುದಿಲ್ಲ. ಅದಕ್ಕಾಗಿ ಗಾವಲಿನ ಹಂಚಿಕೆಯಲ್ಲಿ ಯಾರಿಗೂ ಅನ್ಯಾಯವಾಗಬಾರದೆಂದು ಚೀಟಿ ಎತ್ತುತ್ತಿದ್ದರು. ಲಾಟ್ ಮೀಡ್, ಡೋಲ್ ಮೆಡೋ ಎಂಬ ಹೆಸರು ಕಂಡರೆ ಅಲ್ಲಿ ಪಾಲು ಹಂಚಿಕೆ ನಡೆಯುತ್ತಿತ್ತು ಎಂದರ್ಥ.

ಆಕ್ಸ್‌ಫರ್ಡಿನ ಹತ್ತಿರ, ಥೇಮ್ಸ್ ನದಿಯ ಪಕ್ಕದ ಯಾರ್ನ್‌ಟನ್ ಊರಿನಲ್ಲಿ ಈ ಪದ್ಧತಿ 20ನೆಯ ಶತಮಾನದಲ್ಲಿಯೂ ಇತ್ತು. ಚೆರಿ ಮರದ 13 ಗುಂಡುಗಳು, ಒಂದೊಂದರ ಮೇಲೂ ಮಧ್ಯಯುಗದ ಒಬ್ಬೊಬ್ಬ ಗೇಣಿದಾರನ ಹೆಸರು. ಚೀಲದಿಂದ ಯಾವ ಗುಂಡು ಬಂದಿತೋ ಆ ಪಾಲು ಆ ಹೆಸರಿನ ಹಕ್ಕುದಾರನಿಗೆ. ಹೆಸರಿನವರು ಸತ್ತು ಶತಮಾನಗಳಾದರೂ ಹುಲ್ಲು ಅವರ ಹೆಸರಿನಲ್ಲಿಯೇ ಹಂಚಿಕೆಯಾಗುತ್ತಿತ್ತು. ಪಿಕ್ಸಿ ಮೀಡ್, ಆಕ್ಸಿ ಮೀಡ್ ಎಂಬ ಆ ಗಾವಲುಗಳನ್ನು ನೋಡಲು ಜೂನ್ ತಿಂಗಳು ಒಳ್ಳೆಯದು. ನೇಗಿಲು ಕಾಣದ ನೆಲ, ಆದ್ದರಿಂದ ಹೂಗಿಡಗಳ ಬಗೆಗಳಿಗೆ ಲೆಕ್ಕವಿಲ್ಲ. ಈಗ ಸಂರಕ್ಷಿತ ಪ್ರದೇಶ.

ಲ್ಯಾಮಸ್ ಎಂಬ ಹೆಸರಿನ ಗಾವಲುಗಳೂ ಇದೇ ಕುಟುಂಬದವು. ಹುಲ್ಲು ಕೊಯ್ದಾದ ಮೇಲೆ ಆಗಸ್ಟ್ ಆರಂಭದ ಲ್ಯಾಮಸ್ ಹಬ್ಬದಿಂದ ಊರಿನ ದನಗಳಿಗೆಲ್ಲ ಬಿಟ್ಟುಬಿಡುತ್ತಿದ್ದರು. ಅಂದಹಾಗೆ, ರಾಜ ಜಾನ್ 1215ರಲ್ಲಿ ಮ್ಯಾಗ್ನ ಕಾರ್ಟಕ್ಕೆ ಮುದ್ರೆ ಒತ್ತಿದ ರನ್ನಿಮೀಡ್ ಕೂಡ ಒಂದು ಗಾವಲಿನ ಹೆಸರು. ಕೊನೆಯ ಮೀಡ್ ಎಂಬುದು ಅದೇ ಮೆಡೋ.

ಪ್ರಾಂತ್ಯಕ್ಕೊಂದು ಪದವಿದೆ ಎಂಬುದನ್ನೂ ನೆನಪಿಡಿ. ಡೆವನ್, ಕಾರ್ನ್‌ವಾಲ್‌ಗಳಲ್ಲಿ ಪಾರ್ಕ್ ಎಂದರೆ ಉದ್ಯಾನವಲ್ಲ, ಬರೀ ಹೊಲ. ವಿಲ್ಟ್‌ಶೈರಿನಲ್ಲಿ ಮೇವಿನ ನೆಲಕ್ಕೆ ಲೀಜ್. ನಾರ್ಫೋಕ್, ಸಫೋಕ್ ಕಡೆ ಸಣ್ಣ ತುಂಡಿಗೆ ಪೈಟಲ್, ಮಿಡ್‌ಲ್ಯಾಂಡ್ಸಿನಲ್ಲಿ ಅದೇ ಬಗೆಯದಕ್ಕೆ ಪಿಂಗಲ್.

ಶಾಸನಾಸಕ್ತ

ನಮ್ಮ ಶಾಸನಗಳಲ್ಲಿ ನಂದಾದೀವಿಗೆಗೆಂದು ಭೂಮಿ ಬಿಟ್ಟದ್ದು ಎಷ್ಟು ಸಲ ಬರುತ್ತದೆಯೋ ಲೆಕ್ಕವಿಲ್ಲ. ಇಂಗ್ಲೆಂಡಿನಲ್ಲಿಯೂ ಚರ್ಚುಗಳಿಗೆ ಹೀಗೆ ಬಿಟ್ಟ ಹೊಲಗಳಿದ್ದವೇ?

ಹಳೆನಕ್ಷೆ

ಇದ್ದವು, ಹೆಸರಿನಲ್ಲಿ ಈಗಲೂ ಇವೆ. ಲ್ಯಾಂಪ್ ಏಕರ್ ಎಂದರೆ ಅದರ ಗೇಣಿಯಿಂದ ಚರ್ಚಿನ ದೀಪಕ್ಕೆ ಎಣ್ಣೆ. ಬೆಲ್ ರೋಪ್ ಎಂದು ಹೆಸರಿದ್ದರೆ ಗಂಟೆಯ ಹಗ್ಗದ ಖರ್ಚಿಗೆ. ಲೇಡಿ ಮೆಡೋ ಎಂಬುದರಲ್ಲಿ ಎಷ್ಟೋ ಕಡೆ ಲೇಡಿ ಎಂದರೆ ಜಮೀನುದಾರನ ಹೆಂಡತಿಯಲ್ಲ, ಮೇರಿ ಮಾತೆ. ದೀಪದ ಹೊಲಗಳ ಗತಿ ಮಾತ್ರ ದುಃಖದ್ದು. ಆರನೆಯ ಎಡ್ವರ್ಡನ ಕಾಲದಲ್ಲಿ, 1547ರ ಕಾಯ್ದೆಯಿಂದ, ಸತ್ತವರ ಪ್ರಾರ್ಥನೆಗೂ ದೀಪಕ್ಕೂ ಬಿಟ್ಟ ಭೂಮಿಯನ್ನು ಮೂಢನಂಬಿಕೆಯ ಹೆಸರಿನಲ್ಲಿ ಸರ್ಕಾರ ವಶಪಡಿಸಿಕೊಂಡು ಮಾರಿಕೊಂಡಿತು. ದೀಪ ಆರಿತು, ಗೇಣಿ ಬೇರೆಯವರ ಪಾಲಾಯಿತು, ಹೊಲ ಮಾತ್ರ ಮುನ್ನೂರು ವರ್ಷದ ನಂತರದ ಪಟ್ಟಿಯಲ್ಲಿಯೂ ದೀಪದ ಹೊಲವೇ. ಪೂರ್ಸ್ ಪೀಸ್ ಎಂಬ ಬಡವರ ಹೊಲಗಳು ಅದಕ್ಕಿಂತ ಅದೃಷ್ಟವಂತ, ಕೆಲವು ದತ್ತಿಗಳಾಗಿ ಉಳಿದವು.

ಕಸುಬಿನ ಹೆಸರುಗಳದ್ದೂ ಇದೇ ಕಥೆ. ಟೆಂಟರ್ ಕ್ರಾಫ್ಟ್ ಎಂಬ ಹೊಲದಲ್ಲಿ ಒದ್ದೆ ಉಣ್ಣೆಬಟ್ಟೆಯನ್ನು ಚೌಕಟ್ಟಿಗೆ ಕೊಕ್ಕೆಯಿಂದ ಬಿಗಿದು ಒಣಗಿಸುತ್ತಿದ್ದರು. ಸಿಂಡರ್ ಹಿಲ್‌ನಲ್ಲಿ ಕಬ್ಬಿಣ ಕರಗಿಸಿದ ಕಿಟ್ಟ. ಕೋನಿಗ್ರೀ ಎಂದರೆ ಮೊಲ ಸಾಕುತ್ತಿದ್ದ ಜಾಗ. ವಿಂಡ್‌ಮಿಲ್ ಫೀಲ್ಡ್‌ನಲ್ಲಿ ಗಿರಣಿ ಇಲ್ಲದಿದ್ದರೆ, ಹಿಂದೆ ಇತ್ತು.

ಈಸ್ಟ್‌ಎಂಡ್‌ವಾಸಿ

ಲಂಡನ್ನಿಗರಿಗೂ ಒಂದು ಪಾಲು ಕೊಡಿ! ನಾನು ಕೆಲಸ ಮಾಡುವ ಸ್ಪಿಟಲ್‌ಫೀಲ್ಡ್ಸ್ ಎಂದರೆ ಸೇಂಟ್ ಮೇರಿ ಆಸ್ಪತ್ರೆಮಠದ ಹೊಲ. ಅಲ್ಲಿ ಟೆಂಟರ್ ಗ್ರೌಂಡ್ ಎಂಬ ರಸ್ತೆಯೂ ಇದೆ, ಹಳೆನಕ್ಷೆಯವರು ಹೇಳಿದ ಬಟ್ಟೆ ಒಣಗಿಸುವ ಜಾಗವೇ. ಸ್ಮಿತ್‌ಫೀಲ್ಡಿಗೂ ಕಮ್ಮಾರನಿಗೂ ಸಂಬಂಧವಿಲ್ಲ, ಅದು ಸಮತಟ್ಟಾದ ನುಣುಪು ಹೊಲ. ಕೋವೆಂಟ್ ಗಾರ್ಡನ್ನಿನ ಪಕ್ಕದ ಲಾಂಗ್ ಏಕರ್ ವೆಸ್ಟ್‌ಮಿನ್‌ಸ್ಟರ್ ಮಠದವರ ಉದ್ದನೆಯ ಹೊಲವಾಗಿತ್ತು, ಈಗ ಅಂಗಡಿಸಾಲು. ಆಲ್ಬರ್ಟ್ ಹಾಲ್ ಮುಂದಿನ ಕೆನ್ಸಿಂಗ್ಟನ್ ಗೋರ್ ಎಂಬ ರಸ್ತೆಯಲ್ಲಿ ಯಾರ ರಕ್ತವೂ ಹರಿದಿಲ್ಲ (ಇಂಗ್ಲಿಷಿನಲ್ಲಿ ಗೋರ್ ಎಂದರೆ ಚೆಲ್ಲಿದ ರಕ್ತವೂ ಹೌದು), ಮೇಲೆ ಹೇಳಿದ ಮೂರು ಮೂಲೆಯ ತುಂಡೇ ಅದು.

ಟ್ರೆಂಟ್‌ತೀರ

ನಾಟಿಂಗ್‌ಹ್ಯಾಮ್ ನಗರದಲ್ಲಿಯೂ ಹಂಗರ್‌ಹಿಲ್ ಇದೆ! ಸೇಂಟ್ ಆನ್ಸ್ ಪ್ರದೇಶದ ಸುಮಾರು 75 ಎಕರೆಯ ತೋಟಗಳಲ್ಲಿ ಮೂರು ಭಾಗ: ಹಂಗರ್‌ಹಿಲ್ ಗಾರ್ಡನ್ಸ್, ಸ್ಟೋನ್‌ಪಿಟ್ ಕಾಪಿಸ್, ಗೋರ್ಸಿ ಕ್ಲೋಸ್. ನಗರದ ಜನ ಬಾಡಿಗೆಗೆ ತುಂಡು ನೆಲ ಪಡೆದು ತರಕಾರಿ ಬೆಳೆಯುತ್ತಾರೆ. ಅಲ್ಲಿ ಮೆಂತ್ಯ ಸೊಪ್ಪು ಬೆಳೆಯುವ ನಮ್ಮವರೂ ಇದ್ದಾರೆ. ಇಳಿಜಾರಂತೂ ಕಡಿದಾಗಿಯೇ ಇದೆ, ಹಾಗಾದರೆ ಕಾಡಿನ ಇಳಿಜಾರೇ ಇರಬೇಕೇ?

ಇನ್ನೊಂದು ವಿಷಯ. ನಮ್ಮ ರೈತರ ಕಚೇರಿಯಲ್ಲಿ ಸರ್ಕಾರದ ಸಹಾಯಧನದ ಅರ್ಜಿ ನೋಡಿದೆ. ಅದರಲ್ಲಿ ಪ್ರತಿ ಹೊಲಕ್ಕೆ ಎರಡು ಅಕ್ಷರ, ಎಂಟು ಅಂಕಿ. ಹೆಸರು ಬೇಕಾಗಿಯೇ ಇಲ್ಲ.

ನಿವೃತ್ತ ಮೋಜಣಿದಾರ

ಆ ಅಂಕಿಗಳು ನಕ್ಷೆಯ ಚೌಕದ ನಿರ್ದೇಶಾಂಕಗಳಿರಬೇಕು. ಮೋಜಣಿಯವನಾಗಿ ನನಗೆ ಅದೇ ಇಷ್ಟ, ತಪ್ಪಿಗೆ ಅವಕಾಶ ಕಡಿಮೆ. ಆದರೆ ಟ್ರ್ಯಾಕ್ಟರ್ ಓಡಿಸುವವನಿಗೆ "ಇವತ್ತು 4127ಕ್ಕೆ ಹೋಗು" ಎಂದರೆ ತಪ್ಪು ಹೊಲ ಉತ್ತು ಬರುತ್ತಾನೆ.

ಹಳೆನಕ್ಷೆ

ಅದಕ್ಕೇ ಹೆಸರು ಇನ್ನೂ ಬದುಕಿರುವುದು. ಟ್ರ್ಯಾಕ್ಟರಿನ ಜಿಪಿಎಸ್ ಪರದೆಯಲ್ಲಿಯೂ ರೈತರು ಹೆಸರನ್ನೇ ತುಂಬಿಸುತ್ತಾರೆ. ಹೆಸರು ಸಾಯುವುದು ಬೇಲಿ ಕಿತ್ತಾಗ. ಎರಡನೆಯ ಮಹಾಯುದ್ಧದ ನಂತರ ದೊಡ್ಡ ಯಂತ್ರಗಳಿಗೆ ಜಾಗ ಬೇಕೆಂದು ಸರ್ಕಾರವೇ ಹಣ ಕೊಟ್ಟು ಬೇಲಿ ತೆಗೆಸಿತು. ನಾಲ್ಕು ಹೊಲ ಒಂದಾದರೆ ಮೂರು ಹೆಸರು ಹೋಯಿತು. ಗ್ರಾಮಾಂತರದ ಬೇಲಿಗಳಿಗೆ ಕಾನೂನಿನ ರಕ್ಷಣೆ ಬಂದದ್ದು 1997ರಲ್ಲಿ. ಹೊಸ ಹೆಸರುಗಳೂ ಹುಟ್ಟುತ್ತಿವೆ, ವಿದ್ಯುತ್ ತಂತಿಯ ಗೋಪುರವಿರುವ ಪೈಲನ್ ಫೀಲ್ಡ್, ಏರೋಡ್ರೋಮ್ ಫೀಲ್ಡ್ ಎಂದು. ಅವುಗಳನ್ನು ಕೀಳಾಗಿ ಕಾಣುವವರೊಂದಿಗೆ ನನಗೆ ಸಹಮತವಿಲ್ಲ. ವಿಂಡ್‌ಮಿಲ್ ಫೀಲ್ಡ್ ಕೂಡ ಒಂದು ಕಾಲದ ಪೈಲನ್ ಫೀಲ್ಡೇ.

ನಗರದ ಹಂಗರ್‌ಹಿಲ್ ಬಗ್ಗೆ: ಇಳಿಜಾರು ಇದೆಯೆಂದ ಮಾತ್ರಕ್ಕೆ ನಿರ್ಧರಿಸಬೇಡಿ. ಗುಡ್ಡ ಎಂದ ಮೇಲೆ ಇಳಿಜಾರು ಇರಲೇಬೇಕು. ಹಳೆಯ ರೂಪಗಳಲ್ಲಿ ಹಂಗರ್ ಎಂದಿದೆಯೋ ಹ್ಯಾಂಗರ್ ಎಂದಿದೆಯೋ ನೋಡಿ.

ಅನುಮಾನಪ್ರಿಯ

ಬಯಲು ಹೊಲ, ಪಟ್ಟಿ, ಬಟ್ಸ್ ಎಂದು ಇಷ್ಟು ಓದಿದ ಮೇಲೆ ಕಣ್ಣಾರೆ ನೋಡುವ ಆಸೆ. ಎಲ್ಲಾದರೂ ಉಳಿದಿದೆಯೇ, ಅಥವಾ ಸಂಗ್ರಹಾಲಯದ ಮಾದರಿಯೇ ಗತಿಯೇ?

ಹಳೆನಕ್ಷೆ

ಟ್ರೆಂಟ್‌ತೀರ ಅವರ ಜಿಲ್ಲೆಯಲ್ಲಿಯೇ ಇದೆ, ಲ್ಯಾಕ್ಸ್‌ಟನ್. ಮಿಲ್ ಫೀಲ್ಡ್, ಸೌತ್ ಫೀಲ್ಡ್, ವೆಸ್ಟ್ ಫೀಲ್ಡ್ ಎಂಬ ಮೂರು ಬಯಲುಗಳಲ್ಲಿ ಈಗಲೂ ಪಟ್ಟಿ ಬೇಸಾಯ, ಸರದಿಯಂತೆ ಒಂದನ್ನು ಬೀಳು ಬಿಡುತ್ತಾರೆ. 1635ರಲ್ಲಿ ಬರೆದ ಆ ಊರಿನ ನಕ್ಷೆ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ, ಪಟ್ಟಿಗಳು ಒಂದೊಂದೂ ಕಾಣುತ್ತವೆ. ನವೆಂಬರ್ ಕೊನೆಯಲ್ಲಿ ಊರಿನ ಪಂಚರು ಗೋಧಿ ಬಿತ್ತಿದ ಬಯಲಿಗೆ ಹೋಗಿ ಯಾರಾದರೂ ದಾರಿಯನ್ನೋ ಪಕ್ಕದವರ ಪಟ್ಟಿಯನ್ನೋ ಒತ್ತಿ ಉತ್ತಿದ್ದಾರೆಯೇ ಎಂದು ಪರಿಶೀಲಿಸಿ ಗೂಟ ಹೊಡೆಯುತ್ತಾರೆ. ಒಂದು ವಾರದ ನಂತರ ಅವರದೇ ಹಳೆಯ ನ್ಯಾಯಸಭೆ ಸೇರಿ ದಂಡ ಹಾಕುತ್ತದೆ. ಒಳ್ಳೆಯ ಬೂಟು ಹಾಕಿಕೊಂಡು ಹೋಗಿ, ಆ ತಿಂಗಳಲ್ಲಿ ಅಲ್ಲಿನ ಜೇಡಿಮಣ್ಣು ಕಾಲು ಬಿಡುವುದಿಲ್ಲ.

ಟ್ರೆಂಟ್‌ತೀರ

ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ನವೆಂಬರಿನಲ್ಲಿ ಬರುವವರು ಇಲ್ಲಿಯೇ ತಿಳಿಸಿ, ಕಾರಿನಲ್ಲಿ ಮೂರು ಜನರಿಗೆ ಜಾಗವಿದೆ. ಅಷ್ಟರಲ್ಲಿ ಚರ್ಚಿನ ಟೆರಿಯರ್ ನೋಡಲು ಜಿಲ್ಲಾ ಪತ್ರಾಗಾರದಲ್ಲಿ ಸಮಯ ಕೇಳಿದ್ದೇನೆ. 17ನೆಯ ಶತಮಾನದ ಕೈಬರಹ ಓದಲು ಬರುವವರು ಯಾರಾದರೂ ಇದ್ದರೆ ಮುಂಚಿತವಾಗಿಯೇ ಕೇಳಿಕೊಳ್ಳುತ್ತಿದ್ದೇನೆ.